ಪಿಟೀಲಿನ ಟ್ರ್ಯಾಕು

"ಇನ್ನೂ ಆಗ್ಲಿಲ್ವೇನೋ?" ಅಣ್ಣ ಬಾಗಿಲ ಸಂದಿಯಲ್ಲಿ ಮುಖ ತೂರಿಸಿದ. "ಬೇಕರಿಯವರು ಹೊರಟಾಯ್ತಂತೆ."

"ಹೊರಟ್ರೆ ಬರ್ಲಿ. ನೀನು ಅಲ್ಲಿ ನಿಂತು ನನ್ನ ತಲೆ ತಿನ್ಬೇಡ."

ಪಂಕ್ಚರ್ ತಿರುಗಿ ನೋಡಲಿಲ್ಲ. ಟಯರ್ ಅಂಗಡಿಗೆ ಸೇರಿದಾಗ ಬೀದಿಯವರು ಇಟ್ಟ ಹೆಸರದು. ಈಗ ಮನೆಯವರೂ ಹಾಗೇ ಕರೆಯುತ್ತಿದ್ದರು. ಅವನ ಎಡಗೈ ಕೀಬೋರ್ಡಿನ ಬೆನ್ನ ಹಿಂದಿತ್ತು. ಕೀಬೋರ್ಡಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ವೈರಿಗೆ ವಯಸ್ಸಾಗಿತ್ತು. ಪಿನ್ನನ್ನು ಓರೆಯಾಗಿ ಒತ್ತಿ ಹಿಡಿದರೆ ಮಾತ್ರ ಸದ್ದು ಹರಿಯುತ್ತಿತ್ತು. ಕೂದಲೆಳೆಯಷ್ಟು ಅಲುಗಿದರೂ ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ. ಬೆಳಗಿನಿಂದ ಹೀಗೇ ಹಿಡಿದು ಹಿಡಿದು ಮೊಣಕೈ ಜೋಮು ಹಿಡಿದಿತ್ತು.

ಡ್ಯಾನ್ಸ್ ಟೀಚರ್ ಸಂಜೆಯೊಳಗೆ ಹಾಡು ಕಳಿಸು ಅಂದಿದ್ದರು. ಪಂಕ್ಚರನ್ನು ನಂಬಿ ಯಾರಾದರೂ ಹಾಡು ಕೇಳಿದ್ದು ಅದೇ ಮೊದಲು. ಹಾಡೇನೋ ಸಿದ್ಧವಾಗಿತ್ತು, ಆದರೆ ಕಂಪ್ಯೂಟರಿನ ಮಿಡಿ ಫೈಲಿನಲ್ಲಿತ್ತು. ಮಿಡಿಯಲ್ಲಿ ಸದ್ದು ಅನ್ನುವುದೇ ಇರುವುದಿಲ್ಲ, ಬರೀ ಅಪ್ಪಣೆ: ಈ ಕೀ ಒತ್ತು, ಇಷ್ಟು ಜೋರಾಗಿ ಒತ್ತು, ಈಗ ಬಿಡು. ಅಪ್ಪಣೆ ಕೇಳಿ ಹಾಡುವುದು ಕೀಬೋರ್ಡು. ಅದನ್ನು ಕೊಂಡಿದ್ದ ಬೇಕರಿಯವರು ಒಯ್ದಮೇಲೆ ಉಳಿಯುವುದು ಕಂಪ್ಯೂಟರಿನ ಸ್ವಂತ ಪಿಟೀಲು. ತಗಡಿನ ಡಬ್ಬಿಯಲ್ಲಿ ಸೊಳ್ಳೆ ಕೂಡಿಹಾಕಿದ ಹಾಗೆ ಕೇಳುತ್ತಿತ್ತು. ಕೀಬೋರ್ಡು ಹೊಸಿಲು ದಾಟುವ ಮೊದಲು ಒಂದೊಂದೇ ಟ್ರ್ಯಾಕನ್ನು ಅದರಿಂದಲೇ ಹಾಡಿಸಿ ಆಡಿಯೋ ಮಾಡಿಟ್ಟುಕೊಳ್ಳಬೇಕಿತ್ತು. ಡ್ರಮ್ಮು, ಬೇಸು, ಕೊಳಲು ಮುಗಿದಿದ್ದವು. ಹಾಡಿನ ಜೀವ ಪಿಟೀಲಿನಲ್ಲಿತ್ತು, ಅದೇ ಉಳಿದಿತ್ತು. ಒಂದು ಸಲ ವೈರು ಚಟಗುಟ್ಟಿತು. ಇನ್ನೊಂದು ಸಲ ಅವನಿಗೇ ಸೀನು ಬಂತು.

"ಹೇಳ್ದೆ ಕೇಳ್ದೆ ಮಾರ್ಬಿಟ್ಟೆಯಲ್ಲ" ಎಂದು ನಿನ್ನೆಯೇ ಅಣ್ಣನ ಮೇಲೆ ಕೂಗಾಡಿ ಆಗಿತ್ತು.

"ನಾನು ತಂದಿದ್ದು, ನಾನು ಮಾರಿದೆ. ಮಗೂ ಮಂಚ ಎಲ್ಲಿಡ್ಲಿ, ನಿನ್ನ ನೆತ್ತಿ ಮೇಲಾ?"

ಏಳು ತಿಂಗಳ ಹೊಟ್ಟೆ ಹೊತ್ತು ಗೋಡೆಗೆ ಒರಗಿ ನಿಂತಿದ್ದ ಅತ್ತಿಗೆ, "ಸಂಗೀತಕ್ಕೇನು ಕೊರತೆ ಆಗಲ್ಲ ಬಿಡಪ್ಪಾ, ರಾಗ ಮಾತ್ರ ಒಂದೇ ಇರುತ್ತೆ" ಅಂದಿದ್ದಳು. ಅವನಿಗೆ ನಗು ಬಂದಿತ್ತು. ನಕ್ಕರೆ ಸೋತ ಹಾಗೆ ಅಂತ ಹಲ್ಲು ಕಚ್ಚಿಕೊಂಡಿದ್ದ.

ಹೊರಗೆ ಸ್ಕೂಟರ್ ನಿಂತಿತು. ಬೇಕರಿಯವರ ದನಿ, ಕುರ್ಚಿ ಎಳೆದ ಸದ್ದು. ಇನ್ನು ಒಂದೇ ಒಂದು ಸಲ. ಅವನು ಹೆಡ್‌ಫೋನ್ ಬಿಗಿಮಾಡಿಕೊಂಡು ಪಿನ್ನನ್ನು ಓರೆಗೆ ತಂದು ರೆಕಾರ್ಡ್ ಒತ್ತಿದ.

ಪಿಟೀಲು ಎದ್ದಿತು. ತೊಳೆದಿಟ್ಟ ಹಾಗೆ ಸ್ವಚ್ಛ. ಮೊದಲ ಸಾಲು ದಾಟಿತು, ಎರಡನೆಯದೂ ದಾಟಿತು. ಅವನು ಕಣ್ಣು ಮುಚ್ಚಿಕೊಂಡ. ಮಧ್ಯದಲ್ಲಿ ಒಂದು ಉದ್ದನೆಯ ಸ್ವರದ ಮೇಲೆ ಪಿಟೀಲು ನಿಲ್ಲುವ ಜಾಗವಿತ್ತು. ಅಲ್ಲಿಗೆ ಬಂತು ಅನ್ನುವಾಗ, ಅವನು ಬರೆಯದೇ ಇದ್ದ ಒಂದು ಸ್ವರ ಕಿವಿಗೆ ಬಿತ್ತು.

ಕಣ್ಣು ಬಿಟ್ಟ. ಅಣ್ಣ ಕೀಬೋರ್ಡಿನ ಮುಂದೆ ನಿಂತಿದ್ದ. ಒಂದು ಕೈಯಲ್ಲಿ ದೂಳು ಒರೆಸುವ ಬಟ್ಟೆ, ಇನ್ನೊಂದು ಕೈ ಕೀಗಳ ಮೇಲೆ. ಉಗುರಿನ ಸಂದಿಯಲ್ಲಿ ಅವನು ದುಡಿಯುವ ಪ್ರಿಂಟಿಂಗ್ ಪ್ರೆಸ್ಸಿನ ಮಸಿ. ಹೆಡ್‌ಫೋನಿನ ತೂತಿಗೆ ವೈರು ಸಿಕ್ಕಿಸಿದ್ದರಿಂದ ಕೀಬೋರ್ಡಿನ ಸ್ಪೀಕರು ಮೂಕವಾಗಿತ್ತು. ಅಣ್ಣನ ಪಾಲಿಗೆ ಅದು ಸತ್ತ ಹಲಗೆ. ಅದಕ್ಕೇ ಧೈರ್ಯ ಬಂದಿತ್ತು.

ಪಂಕ್ಚರ್ ಕೂಗಲೆಂದು ಬಾಯಿ ತೆರೆದ. ಅಣ್ಣನ ಬೆರಳು ಮುಂದಕ್ಕೆ ಹೋಯಿತು. ನಾಲ್ಕು ಸ್ವರ, ಐದನೆಯದಕ್ಕೆ ಬೆರಳು ತೊಡರಿ, ಮತ್ತೆ ಮೊದಲಿಂದ. ಕೀಬೋರ್ಡು ತಂದ ಹೊಸದರಲ್ಲಿ ಸಂಗೀತದ ಮೇಷ್ಟರು ಅಣ್ಣನಿಗೆ ಹೇಳಿಕೊಟ್ಟ ಮೊದಲ ಪಾಠ. ತಿಂಗಳಾದರೂ ಅಣ್ಣ ಐದನೆಯ ಸ್ವರ ದಾಟಿರಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದ ತಮ್ಮ ಒಂದೇ ಮಧ್ಯಾಹ್ನದಲ್ಲಿ ದಾಟಿಬಿಟ್ಟಿದ್ದ. "ನಿಂಗೆ ಬರುತ್ತೆ ಕಣೋ, ನೀನೇ ಇಟ್ಕೋ" ಅಂದು ಎದ್ದ ಅಣ್ಣ ಮತ್ತೆ ಆ ಸ್ಟೂಲಿನ ಮೇಲೆ ಕೂತಿರಲಿಲ್ಲ.

ಅಣ್ಣ ತುಟಿ ಕಚ್ಚಿಕೊಂಡು, ಕೀಗಳನ್ನು ನೋಡುತ್ತ, ನಾಲ್ಕನೆಯದರ ಮೇಲೆ ನಿಂತ. ಆಮೇಲೆ ಬಟ್ಟೆಯಿಂದ ಅಂಚು ಒರೆಸಿ ಹೊರಟುಹೋದ. ಪಂಕ್ಚರನ ಬಾಯಿ ತೆರೆದಂತೆಯೇ ಇತ್ತು. ಪಿನ್ನು ಅಲುಗಲಿಲ್ಲ. ಪಿಟೀಲು ಕೊನೆ ಮುಟ್ಟಿತು.

ಆಮೇಲೆ ಬಂತು ಸಿಟ್ಟು. ಆದರೆ ಅಷ್ಟರಲ್ಲಿ ಬೇಕರಿಯವರು ಒಳಗೆ ಬಂದಿದ್ದರು. "ಏನಯ್ಯಾ ಪಂಕ್ಚರ್, ಇದಕ್ಕೂ ಗಾಳಿ ತುಂಬ್ತೀಯಾ?" ಅಂದರು. ಯಾರೂ ನಗದಿದ್ದಾಗ ತಾವೇ ನಕ್ಕು, ಅಣ್ಣನ ಜೊತೆ ಕೀಬೋರ್ಡನ್ನು ಎತ್ತಿಕೊಂಡು ಹೋದರು. ನೆಲದ ದೂಳಿನಲ್ಲಿ ಸ್ಟ್ಯಾಂಡಿನ ಕಾಲುಗಳ ಗುರುತು ಉಳಿಯಿತು.

ಅಣ್ಣ ಮಗುವಿನ ಮಂಚದ ಹಲಗೆಗಳನ್ನು ತಂದು ಆ ಗುರುತಿನ ಮೇಲೇ ಹರಡಿ, ಸ್ಕ್ರೂಡ್ರೈವರ್ ಹಿಡಿದು ಕೂತ. ಪಂಕ್ಚರ್ ಹೆಡ್‌ಫೋನ್ ಕಿತ್ತು ಸ್ಪೀಕರು ಹಾಕಿದ. ಕೇಳಲಿ, ಏನು ಹಾಳುಮಾಡಿದ ಅಂತ ಅವನಿಗೂ ಗೊತ್ತಾಗಲಿ.

ಹಾಡು ಮಧ್ಯಕ್ಕೆ ಬಂತು. ಉದ್ದನೆಯ ಸ್ವರದ ಕೆಳಗೆ ಇನ್ನೊಂದು ಪಿಟೀಲು, ಮೆಲ್ಲಗೆ, ನಾಲ್ಕು ಹೆಜ್ಜೆ ನಡೆದು ಮುಗ್ಗರಿಸಿ ಮತ್ತೆ ಹೊರಟಿತು.

ಸ್ಕ್ರೂಡ್ರೈವರ್ ನಿಂತಿತು. "ಅದೇನೋ ಅದು?"

"ನೀನೇ."

ಅಣ್ಣನ ಕಿವಿ ಕೆಂಪಾಯಿತು. "ಸೌಂಡೇ ಇರ್ಲಿಲ್ವಲ್ಲೋ."

"ನಿಂಗಿರ್ಲಿಲ್ಲ. ನಂಗಿತ್ತು."

"ಅಳಿಸಾಕು ಮತ್ತೆ. ಟೀಚರ್ ಏನಂದ್ಕೊಂಡಾರು."

"ಅಳಿಸಿದ್ರೆ ಪಿಟೀಲೂ ಹೋಗುತ್ತೆ. ಎರಡೂ ಒಂದಕ್ಕೊಂದು ಅಂಟ್ಕೊಂಡಿದೆ."

ಮಧ್ಯದ ಅಷ್ಟು ಭಾಗ ಕತ್ತರಿಸಿ, ಅಲ್ಲಿ ಡ್ರಮ್ಮನ್ನಷ್ಟೇ ಬಿಡಬಹುದಿತ್ತು. ಅದು ಇಬ್ಬರಲ್ಲಿ ಒಬ್ಬನಿಗೆ ಗೊತ್ತಿತ್ತು. ಅವನು ಆ ಜಾಗವನ್ನು ಗುರುತು ಹಾಕಿದ. ಪರದೆಯ ಮೇಲೆ ಅದು ನೀಲಿಯಾಯಿತು. ಬೆರಳನ್ನು ಅಳಿಸುವ ಕೀಲಿಯ ಮೇಲಿಟ್ಟ. ಫೋನು ಗುಂಯ್ ಎಂದಿತು: ಟೀಚರ್. ನಿಂತಿತು. ಮತ್ತೆ ಗುಂಯ್ ಎಂದಿತು.

ಪಂಕ್ಚರ್ ಆ ನೀಲಿಯನ್ನು ಬಿಡಿಸಿ, ಹಾಡನ್ನು ಇದ್ದ ಹಾಗೇ ಟೀಚರಿಗೆ ಕಳಿಸಿ, ಮತ್ತೆ ಮೊದಲಿಂದ ಹಾಕಿದ. ಅಣ್ಣ ಸ್ಕ್ರೂಡ್ರೈವರನ್ನು ನೆಲಕ್ಕಿಟ್ಟು, ತಲೆ ತಗ್ಗಿಸಿ ಕಾದ. ಆ ಜಾಗ ಬಂದಾಗ ಅವನ ಮಸಿಯ ಬೆರಳುಗಳು ಅರ್ಧ ಜೋಡಿಸಿದ ಮಂಚದ ಕಂಬಿಯ ಮೇಲೆ ಒಂದೊಂದಾಗಿ ಒತ್ತುತ್ತ ಹೋದವು.