ಪೆರೀನಜ್ಜಿಯ ಮೊಣಕಾಲಿಗೆ ಸುತ್ತಿದ ಹಗ್ಗ

"ನಾಳೆ ಮೊಮ್ಮಗಳ ಮದುವೇಲಿ ಈ ಮೊಣಕಾಲು ಇಟ್ಕೊಂಡು ಕುಣಿಯೋದು ಹೇಗೆ?" ಎಂದು ಪೆರೀನಜ್ಜಿ ಯಾರನ್ನೂ ನೋಡದೆ ಕೇಳಿದಳು.

ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬ ವೈದ್ಯನಿಂದ ನೋವು ಕಳೆಯುವ ವಿದ್ಯೆ ಕಲಿತ ನಮ್ಮ ಧಣಿ ಕೈಯಾಡಿಸಿ ಶಕ್ತಿ ತುಂಬಿದ್ದ ಎಲ್ಮ್ ಮರದ ಕೆಳಗೆ, ಅದಕ್ಕೆ ಕಟ್ಟಿದ ಹಗ್ಗಗಳನ್ನು ನೋವಿದ್ದ ಕಡೆ ಸುತ್ತಿಕೊಂಡು ನಾವೆಲ್ಲ ಕೂತಿದ್ದೆವು. ಕತ್ತೆ ಮೇಲೆ ಬಂದಿಳಿದಿದ್ದ ಅಜ್ಜಿಯೂ ಒಂದು ಹಗ್ಗವನ್ನು ಮೊಣಕಾಲಿಗೆ ಸುತ್ತಿ, ಕಣ್ಣು ಮುಚ್ಚಿ ಜಪಮಾಲೆ ಹಿಡಿದಳು. ಸ್ವಲ್ಪ ಹೊತ್ತಿಗೆ ಕಾಲು ಬೆಚ್ಚಗಾಯಿತೆಂದು ಎದ್ದು, ಲಂಗ ಎತ್ತಿ ಗಿರ್ರನೆ ತಿರುಗಿದಳು.

ಕಮ್ಮಾರ ಗೋಷೆ ಹಗ್ಗದ ಇನ್ನೊಂದು ತುದಿ ನೋಡಿ ಬಿದ್ದು ಬಿದ್ದು ನಕ್ಕ. "ಅಯ್ಯೋ ಮಾರಾಯ್ತಿ, ಇದು ಮರದ್ದಲ್ಲ, ನಿನ್ನ ಕತ್ತೆ ಕಟ್ಟಿದ ಹಗ್ಗ!"

"ಆದ್ರೇನೀಗ? ಕಾಲು ಕುಣೀತಿದೆಯಲ್ಲ!"

ನಗು ನಿಂತ ಮೇಲೆ ಅವನು ನೋಯುತ್ತಿದ್ದ ಸೊಂಟ ಸವರಿಕೊಂಡು ಮೆಲ್ಲಗೆ ಕೇಳಿದ: "ಅಜ್ಜೀ, ಒಂದಿನದ ಮಟ್ಟಿಗೆ ಆ ಕತ್ತೇನ ನನಗೆ ಕೊಡ್ತೀಯಾ?"

"ಕೊಡಲ್ಲ, ಹೋಗೋ! ನಾಳೆ ಕುಣಿಯೋಕೆ ನನಗೇ ಬೇಕು!"