ಉಜ್ಜಿ ತೊಳೆದ ಕಲ್ಲುಗಳು

ಕಲ್ಲುಕುಟಿಗ ಮುದುಕನಿಗೆ ಕೋಪ ಮೂಗಿನ ತುದಿಯಲ್ಲೇ. ಅದರಲ್ಲೂ ಪ್ರವಾಸಿಗರೆಂದರೆ ಮೈಯೆಲ್ಲ ಉರಿ. ಅಲ್ಲಾ, ಸಾವಿರ ವರ್ಷದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಹೆಸರು, ತಮ್ಮ ಹುಡುಗಿಯ ಹೆಸರು, ನಡುವೆ ಒಂದು ಬಾಣ! ಇವರಪ್ಪನ ಮನೆ ಗೋಡೆಯೇ? ದಿನಾ ಊಟಕ್ಕೆ ಕೂತರೆ ಇದೇ ಗೋಳು. ಕೇಳೋಳು ಸೊಸೆ. ಅವಳು ಈ ಮನೆಗೆ ಬಂದು ಆರು ತಿಂಗಳು, ಪ್ರವಾಸಿ ಕಚೇರಿಯಲ್ಲಿ ಗೈಡ್ ಕೆಲಸಕ್ಕೆ ಸೇರಿ ಒಂದು ತಿಂಗಳು.

ಮುದುಕನ ಆಸೆ ಒಂದೇ: ಬಿದ್ದುಹೋದ ಹಳೇ ಕಮಾನನ್ನು ತಾನು ಕಣ್ಣು ಮುಚ್ಚೋದರೊಳಗೆ ಎಬ್ಬಿಸಿ ನಿಲ್ಲಿಸಬೇಕು. ತಗಡಿನ ಚಪ್ಪರದಡಿ ಹರಡಿದ್ದ ನಾನೂರು ಕಲ್ಲುಗಳನ್ನು ಒಂಬತ್ತು ವರ್ಷ ಒಂದಕ್ಕೊಂದು ಹೊಂದಿಸಿ ನೋಡಿ, ಗುರುತು ಹಾಕಿದ್ದ. ಅಂಕಿಯಲ್ಲ, ಅವನ ಕಸುಬಿನವರು ಹಾಕುವ ಗೀಟು, ಕೊಕ್ಕೆ, ಚುಕ್ಕಿ; ಗೊತ್ತಿಲ್ಲದವರಿಗೆ ಬರೀ ಗೀಚಿದ ಹಾಗೆ. ಅವೂ ಸೀಮೆಸುಣ್ಣದಲ್ಲೇ. ಬಣ್ಣದಲ್ಲಿ ಬರಿ ಮಾರಾಯ ಅಂತ ಕಮಾನಿನ ಕೆಲಸದ ಎಂಜಿನಿಯರ್ ಬಡಕೊಂಡಿದ್ದ. ಹಳೇ ಕಲ್ಲಿಗೆ ಬಣ್ಣ ಮುಟ್ಟಿಸಿದರೆ ಕೈ ಕಡೀತೀನಿ ಅಂದಿದ್ದ ಮುದುಕ.

ಈಚೆಗೆ ಕಣ್ಣು ಮಂಜಾಗುತ್ತಿತ್ತು. ವಾಸಿಯಾಗೋದಲ್ಲ ಅಂತ ಡಾಕ್ಟರೂ ಕೈಚೆಲ್ಲಿದ್ದರು. ಹೋಗಲಿ, ಗುರುತು ಹಾಕೋದು ಮುಗೀತು, ಇನ್ನು ಎತ್ತಿ ಕೂರಿಸೋದಷ್ಟೇ ತಾನೇ ಅಂತ ಸಮಾಧಾನ ಮಾಡಿಕೊಂಡಿದ್ದ.

ಇನ್ನೇನು ಕ್ರೇನ್ ಬರಬೇಕು ಅನ್ನುವಾಗ ಜ್ವರ ಬಂದು ನಾಲ್ಕು ದಿನ ಮಲಗಿಬಿಟ್ಟ. ಐದನೇ ದಿನ ಬೆಳಿಗ್ಗೆ ಸೊಸೆ ಕೈಹಿಡಿದು ಚಪ್ಪರಕ್ಕೆ ಕರೆದುಕೊಂಡು ಹೋದಳು. ಮಾವನಿಗೆ ಏನೋ ತೋರಿಸಬೇಕಂತೆ; ನಗು ತಡೆಯೋಕೆ ಅವಳಿಗೆ ಆಗುತ್ತಿರಲಿಲ್ಲ.

ಕಲ್ಲುಗಳು ಥಳಥಳ ಹೊಳೆಯುತ್ತಿದ್ದವು. ಹೆಸರಿಲ್ಲ, ಬಾಣವಿಲ್ಲ. ಗೀಟೂ ಇಲ್ಲ, ಕೊಕ್ಕೆಯೂ ಇಲ್ಲ.

"ಯಾರ ಕೈಲೂ ಮಾಡಿಸಲಿಲ್ಲ ಮಾವ," ಅಂದಳು. "ನಾನೇ ಕೂತು ಒಂದೊಂದನ್ನೂ ಉಜ್ಜಿದೆ. ಆ ಗೀಚಿದ್ದೆಲ್ಲ ನೋಡಿ ನೀವು ಪಡೋ ಸಂಕಟ ನೋಡೋಕಾಗ್ತಿರಲಿಲ್ಲ."

ಅವಳ ಬೆರಳ ತುದಿಗಳು ಸುಲಿದುಹೋಗಿದ್ದವು. ಮುದುಕ ಒಂದು ಕಲ್ಲಿನ ಮೇಲೆ ಕೈಯಾಡಿಸಿದ, ಇನ್ನೊಂದರ ಮೇಲೆ ಆಡಿಸಿದ. ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಯಾವ ಗುರುತಿನ ಕಲ್ಲು ಎಲ್ಲಿಗೆ ಅಂತ ಬರೆದಿಟ್ಟ ಪುಸ್ತಕ ಜೇಬಿನಲ್ಲಿ ಭದ್ರವಾಗಿತ್ತು. ಏನು ಪ್ರಯೋಜನ? ಮತ್ತೆ ಒಂಬತ್ತು ವರ್ಷ ಈ ಕಣ್ಣು ಎಲ್ಲಿಂದ ತರೋದು? ಬೈಯೋಕೆ ಬಾಯಿ ತೆರೆದ. ಆ ಕೋಪ ಅವತ್ತು ಎಲ್ಲಿ ಸತ್ತಿತ್ತೋ.

"ಚೆನ್ನಾಗಿದೆ ಕಣಮ್ಮಾ," ಅಂದ.

ಹತ್ತು ಗಂಟೆಗೆ ಪ್ರವಾಸಿಗರ ಬಸ್ಸು ಬಂತು. ನೀವು ಮುಂದಿನ ಸಲ ಬರುವಾಗ ಇವೆಲ್ಲ ಎದ್ದು ಕಮಾನಾಗಿರುತ್ತವೆ, ನಿಲ್ಲಿಸೋರು ಇಲ್ಲಿ ಕೂತಿರೋ ನಮ್ಮ ಮಾವನೇ ಅಂತ ಸೊಸೆ ಎಲ್ಲರಿಗೂ ಹೇಳಿದಳು. ಅವರು ಚಪ್ಪಾಳೆ ತಟ್ಟಿದರು. ಮುದುಕ ಜೇಬಿನ ಪುಸ್ತಕದ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತು, ಚಪ್ಪಾಳೆ ಮುಗಿಯುವವರೆಗೂ ಹಾಗೇ ನಿಂತಿದ್ದ.