ಹೊಂಗೆ ಎಲೆಯ ಕೂಗು

"ತಲೆ ಎತ್ತಿಸ್ರೀ ಫೋಟೋದವ್ರೆ. ಮಕ ಕಾಣ್ದೆ ಓದ್ರೆ ಮೇಲಿನ ಸಾಹೇಬ್ರು ನಮ್ ತಲೆ ತೆಗೀತಾರೆ," ಎಂದ ಫಾರೆಸ್ಟರ್ ಶಿವನಂಜಯ್ಯ.

ಕಾಡಂಚಿನ ಅರಣ್ಯ ಇಲಾಖೆಯ ಶೆಡ್ಡಿನ ಮುಂದೆ ಎರಡು ತಲೆಗಳಿದ್ದವು. ಒಂದು ನೀಲಿ ಟಾರ್ಪಾಲಿನ ಮೇಲೆ, ಕತ್ತಿನಿಂದ ಕೆಳಗೆ ಏನೂ ಇಲ್ಲದೆ, ಮೈಯೆಲ್ಲ ತಾನೇ ಎಂಬಂತೆ ನೊಣ ಮುತ್ತಿಸಿಕೊಂಡು ಕೂತಿತ್ತು. ಇನ್ನೊಂದು, ಅದರ ಹಿಂದೆ ಕುಕ್ಕರಗಾಲಲ್ಲಿ ಕೂತ ಚಿಕ್ಕಸಿದ್ದಯ್ಯನ ಮಂಡಿಗಳ ನಡುವೆ ಹುದುಗಿತ್ತು. ಅವನ ಕೈಗಳನ್ನು ಅವನದೇ ಟವೆಲಿನಿಂದ ಕಟ್ಟಿದ್ದರು. ಶಾಂತಮೂರ್ತಿ ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡೇ ನಿಂತಿದ್ದ. ಇಳಿಸಿದರೆ ತನ್ನ ಮುಖವೂ ಕಾಣುತ್ತದೆ ಎಂಬ ಭಯ.

ಕೊಳ್ಳೇಗಾಲದಲ್ಲಿ ಅವನದೊಂದು ಸ್ಟುಡಿಯೋ ಇತ್ತಾದರೂ ಅಲ್ಲಿ ಕೂತದ್ದಕ್ಕಿಂತ ಬೈಕಿನ ಮೇಲೆ ಕೂತದ್ದೇ ಹೆಚ್ಚು. ಯಳಂದೂರಿನಲ್ಲಿ ಧಾರೆ, ಕುಂತೂರಿನಲ್ಲಿ ಕುರ್ಚಿಗೆ ಒರಗಿಸಿ ಹಾರ ಹಾಕಿದ ಹೆಣ, ಹನೂರಿನಲ್ಲಿ ಪಿಂಚಣಿ ಅರ್ಜಿಗೆ ಅಂಟಿಸುವ ಅಜ್ಜಿಯರ ಮುಖ, ಆನೆ ತುಳಿದ ಜೋಳದ ಹೊಲ, ವಿಮೆಯವರಿಗೆ ಕಿವಿಯ ಬಿಲ್ಲೆ ಕಾಣುವಂತೆ ಮಲಗಿಸಿದ ಸತ್ತ ಹಸು. "ನಗೋರು, ಅಳೋರು, ಎರಡೂ ಮಾಡಕಾಗ್ದೆ ಇರೋರು, ಎಲ್ಲಾರೂ ನಮ್ ಗಿರಾಕಿಗಳೇ" ಎನ್ನುತ್ತಿದ್ದ. ಗುಂಪು ಫೋಟೋ ತೆಗೆಯುವಾಗ ಎಲ್ಲರಂತೆ ಸ್ಮೈಲ್ ಪ್ಲೀಸ್ ಅನ್ನುವವನಲ್ಲ. ಬೆಟ್ಟದ ಬಸ್ಸಿನ ಕಂಡಕ್ಟರನ ಗದರಿಕೆ, ತಾಲ್ಲೂಕು ಆಫೀಸಿನ ಗುಮಾಸ್ತರ ಕೆಮ್ಮು, ಬೀಗರ ಸೀನು, ಯಾವುದಾದರೊಂದು ಅವನ ಗಂಟಲಿಂದ ಹೊರಡುತ್ತಿತ್ತು. ಜನ ತಿರುಗಿ ನಕ್ಕ ಗಳಿಗೆಗೇ ಕ್ಲಿಕ್.

ಇವು ಹೊಟ್ಟೆಪಾಡಿನ ಪಟಗಳು. ಹುಚ್ಚಿನ ಪಟಗಳು ಬೇರೆ ಇದ್ದವು, ಕಾಡುಕುರಿಯವು. ಹೆಸರಿಗೆ ಕುರಿ, ಕುಲದಲ್ಲಿ ಜಿಂಕೆ, ಹೆದರಿದರೆ ಬೊಗಳುವುದು ಥೇಟ್ ನಾಯಿಯಂತೆ. ತನ್ನ ಹಾಗೆಯೇ ಮಿಮಿಕ್ರಿಯ ಪ್ರಾಣಿ ಎಂದು ಶಾಂತಮೂರ್ತಿಗೆ ಅದರ ಮೇಲೆ ಮೋಹ. ಶಾಗ್ಯದಾಚೆಯ ಬೆಟ್ಟದ ಸಾಲಿನಲ್ಲಿ ಒಂದು ಗಂಡಿತ್ತು, ಎಡಗಿವಿ ನಡುವಿಗೆ ಸೀಳಿದ್ದು. ಅದರ ಹಿಂದೆ ಎರಡು ವರ್ಷ ಅಲೆದಿದ್ದ. ಅಲೆಸಿದವನು ಚಿಕ್ಕಸಿದ್ದಯ್ಯ, ಅಲ್ಲಿನ ಪೋಡಿನ, ಕಾಡೊಳಗಿನ ಹಾಡಿಯ, ಸೋಲಿಗ. ಹೊಂಗೆ ಎಲೆಯನ್ನು ಮಡಿಸಿ ತುಟಿಗಿಟ್ಟು ಹೆಣ್ಣು ಕರೆಯುವ ಹಾಗೆ ಊದಿದರೆ ಸಾಕು, ಸೀಳುಗಿವಿಯ ಗಂಡು ಪೊದೆಯಿಂದ ಮೂತಿ ಹೊರಹಾಕುತ್ತಿತ್ತು. ಅವನ ಅಪ್ಪನ ಕಾಲದ ವಿದ್ಯೆ. ಈಗ ಆ ಕಡೆ ಅದು ಗೊತ್ತಿದ್ದವನು ಅವನೊಬ್ಬನೇ. ಬೇಡ ಬೇಡ ಎನ್ನುತ್ತಲೇ ಶಾಂತಮೂರ್ತಿಗೆ ಕಲಿಸಿದ್ದ.

"ಆಟಕ್ಕೆ ಊದ್ಬೇಡಿ ಸಾ. ಅದು ನಂಬ್ಕಂಡು ಬತ್ತದೆ," ಎಂದಿದ್ದ. ಹೊರಡುವಾಗ ಪ್ರತಿ ಸಲವೂ, "ಕುರೀಗ್ ಅಷ್ಟ್ ಪಟ ತಗುದ್ರಿ, ನನ್ದೊಂದ್ ತಗೀರಿ ಸಾ. ನಾ ಓದ್ಮೇಕೆ ಗ್ವಾಡೇಗ್ ಆಕಕ್ಕೆ ಒಂದಾರಾ ಬ್ಯಾಡ್ವಾ?" ಎನ್ನುತ್ತಿದ್ದ. ಬೆಳಕು ಹೋಯ್ತು, ಬ್ಯಾಟರಿ ಹೋಯ್ತು, ಮುಂದಿನ ಸಲ ಎಂದು ಶಾಂತಮೂರ್ತಿಯೂ ಪ್ರತಿ ಸಲ ಬೈಕ್ ಏರುತ್ತಿದ್ದ.

ಟಾರ್ಪಾಲಿನ ಮೇಲಿನ ತಲೆಯ ಎಡಗಿವಿ ನಡುವಿಗೆ ಸೀಳಿತ್ತು.

"ನೆನ್ನೆ ಬೆಳಿಗ್ಗೆ ಆರ್ ಗಂಟೆ," ಎಂದು ಶಿವನಂಜಯ್ಯ ರಟ್ಟಿನ ಮೇಲಿನ ಹಾಳೆ ತಿರುವಿದ. "ನಮ್ ವಾಚರ್ ಎಲೆ ಕೂಗು ಕೇಳವ್ನೆ. ಒಸಿ ಒತ್ಗೆ ಢಂ ಅಂತು. ಜಾಗ ಉಡಿಕ್ಕಂಡ್ ಓಗೋಷ್ಟ್ರಲ್ಲಿ ಗಂಟೆ ಆಗದೆ, ನೋಡುದ್ರೆ ತಲೆ, ಚರ್ಮ ಬಿದ್ದವೆ, ಇವ ಪಕ್ಕದಲ್ ನಿಂತವ್ನೆ. ಮಾಂಸ್ವೂ ಇಲ್ಲ, ಕೋವೀನೂ ಇಲ್ಲ. ಎಲ್ಲೋ ಸಾಗಾಕವ್ನೆ. ಇವುನ್ನ ಬುಟ್ರೆ ಆ ಕೂಗು ಇನ್ಯಾರ್ಗ್ ಬತ್ತದೆ ಯೋಳಿ?"

ಚಿಕ್ಕಸಿದ್ದಯ್ಯ ಮಂಡಿಗಳ ನಡುವಿನಿಂದಲೇ ಮಾತಾಡಿದ. "ಕೂಗು ಕೇಳ್ದೇಟ್ಗೆ ನೀವೇ ಬಂದಿದ್ದೀರಿ ಅನ್ಕಂಡೆ ಸಾ. ಅದ್ಕೇ ಓಡ್ಬಂದೆ."

"ಕೇಳುದ್ರಾ? ನಿಮ್ತಲೇಗ್ ಕಟ್ತಾವ್ನೆ," ಶಿವನಂಜಯ್ಯ ನಕ್ಕ. "ನೆನ್ನೆ ಬೆಳಿಗ್ಗೆ ಇವ್ರು ಯಳಂದೂರಲ್ಲಿ ನಮ್ಮಣ್ಣನ್ ಮಗಳ್ ಧಾರೇಲಿದ್ರು ಕಣ್ಲಾ! ನಾನೇ ಪಕ್ಕದಲ್ ನಿಂತು ಪಟ ತೆಗುಸ್ಕಂಡಿವ್ನಿ."

ಶಾಂತಮೂರ್ತಿಯ ಬಾಯಲ್ಲಿ ನಿನ್ನೆ ರಾತ್ರಿಯ ಬಾಡಿನ ಸಾರಿನ ಖಾರ ತಿರುಗಿ ಬಂತು. ನಿನ್ನೆ ಸಂಜೆ ಬಾಮೈದ ಪ್ರಭುಸ್ವಾಮಿ ಶಾಗ್ಯದಿಂದ ಸ್ಟೀಲ್ ಡಬ್ಬಿ ಹಿಡಿದು ಬಂದಿದ್ದ. "ಆಡ್ ಕುಯ್ದಿದ್ವಿ ಬಾವ," ಎಂದು ಶಾಂತಮೂರ್ತಿಯ ಹೆಂಡತಿ ನಾಗಶ್ರೀಯ ಕೈಗೆ ಕೊಟ್ಟು, ಅಕ್ಕನ ಮನೆಯಲ್ಲಿ ಯಾವತ್ತೂ ಎರಡು ಗಂಟೆ ಹರಟುವವನು ನೀರೂ ಕುಡಿಯದೆ ಹೋಗಿದ್ದ. ಎಳೆ ಮಾಂಸ, ಕೊಬ್ಬೇ ಇಲ್ಲ ಎಂದು ಶಾಂತಮೂರ್ತಿ ಎರಡು ಸಲ ಬಡಿಸಿಕೊಂಡಿದ್ದ. ತಿಂಗಳ ಹಿಂದೆ ಹನೂರಿನ ನಾಮಕರಣವೊಂದರಲ್ಲಿ, ಗುಂಪು ಫೋಟೋಗೆ ಎಲ್ಲರನ್ನೂ ತಿರುಗಿಸಲು ಕಂಡಕ್ಟರನ ಗದರಿಕೆಯ ಬದಲು ಹೊಂಗೆ ಎಲೆ ಊದಿದ್ದ. ಊಟವಾದ ಮೇಲೆ ಅದೇ ಪ್ರಭುಸ್ವಾಮಿ ಹಿತ್ತಲಿಗೆ ಎಳೆದುಕೊಂಡು ಹೋಗಿ, "ಬಾವ, ಬಾವ, ನನ್ಗೂ ಕಲ್ಸಿ" ಎಂದು ಗಂಟುಬಿದ್ದಿದ್ದ. ಹತ್ತು ಎಲೆ ಹರಿದಿದ್ದವು. ಹನ್ನೊಂದನೆಯದು ಕೂಗಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

"ಸಾ," ಎಂದ ಶಾಂತಮೂರ್ತಿ. ತನ್ನ ದನಿ ತನಗೇ ಯಾರದೋ ಅನುಕರಣೆಯಂತೆ ಕೇಳಿಸಿತು. "ಆ ಕೂಗು ಬೇರೆಯೋರ್ಗೂ ಬರ್ಬೋದಲ್ವ?"

"ಯಾರ್ಗೆ?" ಶಿವನಂಜಯ್ಯ ಪೆನ್ನಿನ ಮುಚ್ಚಳ ತೆಗೆದ. "ಎಸ್ರು ಯೋಳಿ, ಈಗ್ಲೇ ಬರ್ಕತೀನಿ."

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಆರು ವರ್ಷದವನಿದ್ದಾಗಿನಿಂದ ನಾಗಶ್ರೀ ಎತ್ತಿ ಬೆಳೆಸಿದ ತಮ್ಮ. ಅವನ ಹೆಂಡತಿಗೆ ಈಗ ಏಳು ತಿಂಗಳು. ಬೇಟೆಯದು ಬೇಲು ಸುಲಭಕ್ಕೆ ಸಿಗದ ಕೇಸು ಎಂದು ಈ ಶಿವನಂಜಯ್ಯನೇ ಹಿಂದೊಮ್ಮೆ ಹೇಳಿದ್ದ. ಶಾಂತಮೂರ್ತಿ ಮುಂದೆ ಹೆಜ್ಜೆ ಇಡುವ ಬದಲು ಪಕ್ಕಕ್ಕೆ ಇಟ್ಟ. ಶೆಡ್ಡಿನ ಪಕ್ಕದ ಹೊಂಗೆಯಿಂದ ಒಂದು ಎಲೆ ಕಿತ್ತು, ಮಡಿಸಿ, ತುಟಿಗಿಟ್ಟು ಊದಿದ.

ತೆಳ್ಳಗೆ, ಕೀರಲಾಗಿ, ಕೂಗು ಹೊರಟಿತು. ಶೆಡ್ಡಿನೊಳಗೆ ಅನ್ನ ಬಸಿಯುತ್ತಿದ್ದ ವಾಚರ್ ಈಚೆಗೆ ಬಂದು ಹಲ್ಲು ಬಿಟ್ಟ. "ಅಯ್ಯಯ್ಯೋ, ಥೇಟ್ ಅದೇ ಕಣ್ರಿ!"

ಚಿಕ್ಕಸಿದ್ದಯ್ಯ ತಲೆ ಎತ್ತಿದ. ರಾತ್ರಿಯೆಲ್ಲ ಏಟು ತಿಂದ ಮುಖ, ಒಂದು ಕಣ್ಣು ಊದಿಕೊಂಡಿತ್ತು. ಅದರಲ್ಲೂ ಅವನ ಬಾಯಿ ನಗುವಿಗೆ ಅಗಲವಾಯಿತು, ತಪ್ಪು ಪಾಠ ಒಪ್ಪಿಸಿದ ಹುಡುಗನನ್ನು ಕಂಡ ಮೇಷ್ಟರ ಹಾಗೆ. "ಕೊನೇಲಿ ಒಸಿ ಎಳೀಬೇಕು ಸಾ. ಆಗ್ಲೇ ಯೋಳಿರ್ನಿಲ್ವಾ?"

ಕ್ಯಾಮೆರಾ ಕಣ್ಣಿಗೇರಿತ್ತು, ಬೆರಳು ಶಾಂತಮೂರ್ತಿಯನ್ನು ಕೇಳಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ. ಕ್ಲಿಕ್.

"ಬರ್ಕಳ್ಳಾ," ಶಿವನಂಜಯ್ಯ ವಾಚರ್‌ಗೆ ಹಾಳೆ ಚಾಚಿದ. "ಕೂಗೋ ವಿದ್ಯೆ ತನ್ಗೆ ಗೊತ್ತು ಅಂತ ಅವ್ನ್ ಬಾಯಲ್ಲೇ ಬಂತು. ಇನ್ನೇನ್ ಬೇಕು?" ಆಮೇಲೆ, ಏನೋ ನೆನಪಾದವನಂತೆ ಶಾಂತಮೂರ್ತಿಯ ಕಡೆ ತಿರುಗಿದ. ಈ ಸಲ ನಗು ಇರಲಿಲ್ಲ. "ಅಲ್ಲಾ, ನಿಮ್ಗೆ ಇವ ಕಲ್ಸವ್ನೆ. ಸರಿ. ನೀವ್ ಯಾರ್ಗಾದ್ರೂ ಕಲ್ಸಿದ್ದೀರಾ?"

ಮರದ ಮೇಲೆ ಯಾವುದೋ ಹಕ್ಕಿ ಒಂದೇ ಸ್ವರವನ್ನು ಮೂರು ಸಲ ಹೇಳಿತು. ಚಿಕ್ಕಸಿದ್ದಯ್ಯ ಊದಿಕೊಳ್ಳದ ಕಣ್ಣಿನಲ್ಲಿ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಅವನಿಗೂ ಗೊತ್ತಾಗಬೇಕಿತ್ತು, ಅಷ್ಟೆ.

"ಇಲ್ಲ ಸಾ," ಎಂದ ಶಾಂತಮೂರ್ತಿ. "ಯಾರ್ಗೂ ಕಲ್ಸಿಲ್ಲ."

ಪೆನ್ನಿನ ಮುಚ್ಚಳ ಟಕ್ಕೆಂದು ಕೂತಿತು. ಶಿವನಂಜಯ್ಯ ಜೀಪಿಗೆ ಫೋನು ಮಾಡಲು ರಸ್ತೆಯ ಕಡೆ ನಡೆದ. ವಾಚರ್ ಅನ್ನ ನೋಡಲು ಒಳಗೆ ಹೋದ.

ಚಿಕ್ಕಸಿದ್ದಯ್ಯ ಇಬ್ಬರೂ ಮರೆಯಾಗುವುದನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ. "ಪಟ ಬಂತಾ ಸಾ?"

ಶಾಂತಮೂರ್ತಿ ಹತ್ತಿರ ಹೋಗಿ ಮಂಡಿಯೂರಿದ. ಬಿಸಿಲಿಗೆ ಕ್ಯಾಮೆರಾದ ಪರದೆ ಬೆಳ್ಳಗಾಗಿ ಏನೂ ಕಾಣುತ್ತಿರಲಿಲ್ಲ. ಎಡಗೈಯನ್ನು ಮರೆಯಾಗಿ ಹಿಡಿದ. ನೆರಳಿನೊಳಗೆ ಪಟ ಮೂಡಿತು. ಕಟ್ಟಿದ ಕೈಗಳ ಮೇಲೆ ನಗುವ ಮುಖ, ಅವನ ಕಾಲ ಬಳಿ ಇನ್ನೊಂದು ಮುಖ.

ಚಿಕ್ಕಸಿದ್ದಯ್ಯ ಕತ್ತು ಚಾಚಿ ಬಹಳ ಹೊತ್ತು ನೋಡಿದ.

"ಕುರೀದೂ ಚೆಂದಾಗ್ ಬಂದದೆ," ಎಂದ. "ಕಿವಿ ನೋಡಿ ಸಾ, ಅಂಗೇ ಬಂದದೆ."

ಶಾಂತಮೂರ್ತಿ ಮರೆ ಹಿಡಿದಿದ್ದ ಕೈ ತೆಗೆದ. ಪರದೆಯ ಮೇಲೆ ಮತ್ತೆ ಬರಿಯ ಬಿಸಿಲು.